ಸೆರೆಮನೆಯ ಗೋಡೆ ರೋಗವನ್ನು ತಡೆಯಲಾರದು

ನ್ಯಾಯಾಧೀಶರು ಅಪರಾಧಿಗೆ ಸೆರೆವಾಸವನ್ನು ವಿಧಿಸುವಾಗ ಅವನ ಸ್ವಾತಂತ್ರ್ಯವನ್ನು ಇಂತಿಷ್ಟು ಕಾಲದವರೆಗೆ ಕಸಿದುಕೊಳ್ಳುವರೇ ಹೊರತು ಅವನ ಶ್ವಾಸಕೋಶವನ್ನಲ್ಲ. ಕ್ಷಯರೋಗವೂ ಒಂದು ಶಿಕ್ಷೆಯೆಂದು ಯಾವ ದಂಡಸಂಹಿತೆಯಲ್ಲಿಯೂ ಬರೆದಿರುವುದಿಲ್ಲ. ಆದರೂ ನಿರೋಗಿಯಾಗಿ ಸೆರೆಮನೆಯ ಬಾಗಿಲನ್ನು ದಾಟಿ ಒಳಗೆ ಹೋದವನು ರೋಗಿಯಾಗಿ ಹೊರಗೆ ಬರುವುದುಂಟು. ರೋಗಿಯಾಗಿ ಒಳಗೆ ಹೋದವನು ತನ್ನೊಡನೆ ಮಲಗಿದ ಹತ್ತು ಮಂದಿಗೆ ರೋಗವನ್ನು ಹಂಚುವುದೂ ಉಂಟು. ನ್ಯಾಯಸ್ಥಾನವು ವಿಧಿಸದ ಈ ಎರಡನೆಯ ಶಿಕ್ಷೆಯನ್ನು ತಪ್ಪಿಸುವ ಬಗೆ ಹೇಗೆಂಬುದೇ ಪ್ರಕೃತ ಲೇಖನದ ವಿಚಾರ. ಸೆರೆಮನೆಯ ಮಾತೆಂದೊಡನೆ ಪುಟವನ್ನು ತಿರುವಿಹಾಕಬಾರದೆಂದು ವಾಚಕ ಮಹಾಶಯರಲ್ಲಿ ಬಿನ್ನಹ. ಏಕೆಂದರೆ ಇದು ಗೋಡೆಯ ಒಳಗಿನವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಶ್ರೀರಂಗಪಟ್ಟಣದ ಪಾಠ

ಈ ಸಂಗತಿಯನ್ನು ಮನಗಾಣಲು ಪಾಂಡವಪುರದವರು ಬಹು ದೂರ ಹೋಗಬೇಕಾದುದಿಲ್ಲ. ಕೆಲವೇ ಮೈಲಿಗಳ ಆಚೆ, ಕಾವೇರಿಯ ನಡುಗಡ್ಡೆಯಲ್ಲಿ, ಪ್ರವಾಸಿಗರು ಇಣಿಕಿ ನೋಡಿ ಹೋಗುವ ಕತ್ತಲೆಯ ನೆಲಮಾಳಿಗೆಯೊಂದಿದೆ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರಿನ ಸೈನ್ಯಕ್ಕೆ ಸೆರೆಸಿಕ್ಕಿದ ಕರ್ನಲ್ ವಿಲಿಯಂ ಬೇಲಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಬೇಲಿಯು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಮಡಿದನು. ಅದೇ ಯುದ್ಧದಲ್ಲಿ ಸೆರೆಸಿಕ್ಕಿದ ಡೇವಿಡ್ ಬೇರ್ಡನು ಮೂರು ವರ್ಷಕ್ಕೂ ಮಿಕ್ಕು ಸೆರೆಯಲ್ಲಿದ್ದು, 1784ರ ಮಂಗಳೂರು ಒಪ್ಪಂದದ ಕಾಲಕ್ಕೆ ಬಿಡುಗಡೆ ಹೊಂದಿದನು. 1799ರ ಮೇ 4ರಂದು ಅದೇ ಕೋಟೆಯ ಮೇಲೆ ನುಗ್ಗಿದ ದಳಗಳನ್ನು ಮುನ್ನಡೆಸಿದವನೂ ಅವನೇ. ಬದುಕಿ ಬಂದ ಸೆರೆಯಾಳುಗಳ ವೃತ್ತಾಂತಗಳಲ್ಲಿ ಸಂಕೋಲೆಯ ಜೊತೆಜೊತೆಗೇ ಜ್ವರ ಮತ್ತು ಆಮಶಂಕೆಯ ಮಾತು ಬರುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೋಟೆಯನ್ನು ಗೆದ್ದ ಕುಂಪಣಿಯವರು ತಮ್ಮ ಪಡೆಯನ್ನು ಅಲ್ಲಿಯೇ ನಿಲ್ಲಿಸಿದರು. ಅವರನ್ನು ಯಾವ ನೆಲಮಾಳಿಗೆಯಲ್ಲಿಯೂ ಕೂಡಿಹಾಕಿರಲಿಲ್ಲ. ಅರಮನೆಗಳೂ ತೋಟಗಳೂ ಅವರ ವಶವಾಗಿದ್ದವು. ಹಾಗಿದ್ದರೂ ದ್ವೀಪದ ಮಲೇರಿಯಾ ಜ್ವರವು ಗೆದ್ದವರನ್ನು ಬಿಡಲಿಲ್ಲ. ಸಿಪಾಯಿಗಳು ಸಾಲುಸಾಲಾಗಿ ಹಾಸಿಗೆ ಹಿಡಿಯಲು, ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೇ ಆ ಪಡೆಯನ್ನು ಬೆಂಗಳೂರಿನ ದಂಡಿಗೆ ಸಾಗಿಸಬೇಕಾಯಿತು. ಸೆರೆಯಾಳನ್ನೂ ಸೆರೆಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನ್ಯಾಯಾಧಿಪತಿಯೊಬ್ಬನಿದ್ದರೆ ಅವನು ರೋಗವೇ. ಗೋಡೆಯು ಮನುಷ್ಯನನ್ನು ತಡೆಯಬಲ್ಲುದು, ಜ್ವರವನ್ನು ತಡೆಯಲಾರದು.

ಜಡ್ಜಿಗಳನ್ನು ಕೊಂದ ಜ್ವರ

ಇದೇ ಪಾಠವನ್ನು ಇಂಗ್ಲೆಂಡಿನವರು ಇನ್ನೂ ದುಬಾರಿಯ ಬೆಲೆ ತೆತ್ತು ಕಲಿತರು. ಆ ದೇಶದಲ್ಲಿ ಶತಮಾನಗಳ ಕಾಲ ‘ಜೈಲು ಜ್ವರ’ವೆಂಬ ಹೆಸರೇ ಒಂದು ವ್ಯಾಧಿಗೆ ಇದ್ದಿತು. 1577ರಲ್ಲಿ ಆಕ್ಸ್‌ಫರ್ಡಿನ ನ್ಯಾಯಸ್ಥಾನದಲ್ಲಿ ಕೈದಿಗಳ ವಿಚಾರಣೆ ನಡೆದ ಬೆನ್ನಲ್ಲಿಯೇ ನ್ಯಾಯಾಧೀಶರೂ ಪಂಚರೂ ಜ್ವರ ಹತ್ತಿ ಸತ್ತರು. 1750ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯಿಂದ ಓಲ್ಡ್ ಬೇಲಿ ನ್ಯಾಯಸ್ಥಾನಕ್ಕೆ ಕರೆತಂದ ಕೈದಿಗಳಿಂದ ಜ್ವರವು ಹರಡಿ, ಆ ನಗರದ ಮೇಯರನೂ ಇಬ್ಬರು ನ್ಯಾಯಾಧೀಶರೂ ಸೇರಿದಂತೆ ಅನೇಕರು ಮೃತಪಟ್ಟರು. ಕಟಕಟೆಯಲ್ಲಿ ನಿಂತವನಿಗೂ ಪೀಠದಲ್ಲಿ ಕುಳಿತವನಿಗೂ ನಡುವೆ ಇದ್ದ ಅಂತರವನ್ನು ರೋಗವು ಲಕ್ಷಿಸಲಿಲ್ಲ.

ಕೈದಿಗಳು ಸಾಯುತ್ತಿದ್ದಾಗ ಮಿಸುಕದೆ ಇದ್ದ ಪಾರ್ಲಿಮೆಂಟು ಕಡೆಗೆ 1774ರಲ್ಲಿ ಕೈದಿಗಳ ಆರೋಗ್ಯರಕ್ಷಣೆಗಾಗಿ ಶಾಸನವನ್ನು ಮಾಡಿತು. ಗೋಡೆಗಳಿಗೆ ಸುಣ್ಣ ಬಳಿಯುವುದು, ಕೊಠಡಿಗಳಿಗೆ ಗಾಳಿ ಬಿಡುವುದು, ರೋಗಿಗಳನ್ನು ಬೇರೆ ಇರಿಸುವುದು, ಸ್ನಾನಕ್ಕೆ ಏರ್ಪಾಡು ಮಾಡುವುದು, ವೈದ್ಯನನ್ನು ನೇಮಿಸುವುದು ಇವೇ ಅದರ ಮುಖ್ಯಾಂಶಗಳು. ಊರೂರಿನ ಸೆರೆಮನೆಗಳನ್ನು ಕಣ್ಣಾರೆ ನೋಡಿ 1777ರಲ್ಲಿ ಗ್ರಂಥವನ್ನು ಪ್ರಕಟಿಸಿದ ಜಾನ್ ಹೋವರ್ಡನ ಪರಿಶ್ರಮ ಇದರ ಹಿಂದೆ ಇದ್ದಿತು. ಆ ಮಹಾಶಯನು 1790ರಲ್ಲಿ ರಷ್ಯದ ಆಳ್ವಿಕೆಯಲ್ಲಿದ್ದ ಖೆರ್ಸಾನಿನಲ್ಲಿ ಜ್ವರದಿಂದಲೇ ತೀರಿಕೊಂಡನು. ಟೈಫಸ್ ಎಂಬ ಆ ಜ್ವರವನ್ನು ಮೈಮೇಲಿನ ಹೇನು ಹರಡುತ್ತದೆಂದು ಚಾರ್ಲ್ಸ್ ನಿಕೋಲ್ ಎಂಬ ಫ್ರೆಂಚ್ ವಿಜ್ಞಾನಿಯು ತೋರಿಸಿಕೊಟ್ಟುದು 1909ರಲ್ಲಿ. ಕಾರಣವು ತಿಳಿಯುವುದಕ್ಕೆ ನೂರಾರು ವರ್ಷ ಮುಂಚೆಯೇ ಬಾಗಿಲಲ್ಲಿ ಸ್ನಾನ, ಶುಚಿಯಾದ ಬಟ್ಟೆ, ರೋಗಿಯ ಪ್ರತ್ಯೇಕ ವಾಸ ಇವುಗಳಿಂದ ಪ್ರಯೋಜನವಾಗುವುದೆಂದು ಅನುಭವವು ಕಲಿಸಿದ್ದಿತು. ಇಂದು ನಮಗೆ ಕಾರಣವೂ ತಿಳಿದಿದೆ, ಔಷಧವೂ ಇದೆ. ಹೀಗಿರುವಲ್ಲಿ ನಮ್ಮ ಉದಾಸೀನಕ್ಕೆ ಕ್ಷಮೆ ಎಲ್ಲಿಯದು?

ಕಾನೂನು ಹೇಳುವುದೇನು?

ಸೆರೆಮನೆಯ ಬಾಗಿಲಲ್ಲಿ ವೈದ್ಯಪರೀಕ್ಷೆಯಾಗಬೇಕೆಂಬುದು ಹೊಸ ಬೇಡಿಕೆಯೇನಲ್ಲ. ಭಾರತದ 1894ನೆಯ ಇಸವಿಯ ಬಂದೀಖಾನೆಗಳ ಶಾಸನದ 24ನೆಯ ಪ್ರಕರಣವು ಒಳಬಂದ ಕೈದಿಯನ್ನು ಆದಷ್ಟು ಬೇಗನೆ ಪರೀಕ್ಷಿಸಿ, ಅವನ ಆರೋಗ್ಯಸ್ಥಿತಿಯನ್ನೂ ಮೈಮೇಲಿನ ಗಾಯಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಪ್ರತಿಯೊಂದು ಸೆರೆಮನೆಯಲ್ಲಿಯೂ ಆಸ್ಪತ್ರೆಯಾಗಲಿ ರೋಗಿಗಳಿಗೆ ತಕ್ಕ ಸ್ಥಳವಾಗಲಿ ಇರತಕ್ಕದ್ದೆಂದು 39ನೆಯ ಪ್ರಕರಣವು ಹೇಳಿತು. ನಮ್ಮ ರಾಜ್ಯಕ್ಕೆ 1963ರಲ್ಲಿ ಸ್ವಂತ ಬಂದೀಖಾನೆಗಳ ಶಾಸನವಾಯಿತು. 1974ರಲ್ಲಿ ಅದರ ನಿಯಮಗಳಾದವು. 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ, ನೆಲ್ಸನ್ ಮಂಡೇಲರ ಹೆಸರನ್ನು ಹೊತ್ತ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರಗಿನ ಜನರಿಗೆ ದೊರೆಯುವ ಮಟ್ಟದ ಚಿಕಿತ್ಸೆಯೇ ಒಳಗಿನವರಿಗೂ ದೊರೆಯಬೇಕೆಂದೂ, ಅದರ ಹೊಣೆಯು ಸರಕಾರದ್ದೆಂದೂ ಸಾರಿವೆ.

ಕೊರತೆಯಿರುವುದು ಕಾನೂನಿನಲ್ಲಲ್ಲ, ಪರೀಕ್ಷೆಯೆಂಬ ಮಾತಿಗೆ ನಾವು ಕೊಡುವ ಅರ್ಥದಲ್ಲಿ. ಗಾಯವನ್ನು ಬರೆದುಕೊಳ್ಳುವುದು ಬೇರೆ, ರೋಗವನ್ನು ಹುಡುಕುವುದು ಬೇರೆ. ಮೈಮೇಲೆ ಪೆಟ್ಟಿನ ಗುರುತುಂಟೇ ಇಲ್ಲವೇ ಎಂದು ನೋಡಿ ಎತ್ತರ, ತೂಕಗಳನ್ನು ಬರೆದು ರುಜು ಹಾಕಿದರೆ ಪುಸ್ತಕವು ತುಂಬುವುದು ನಿಜ. ಆದರೆ ಎದೆಯೊಳಗೆ ಅಡಗಿರುವ ಕ್ಷಯದ ಕ್ರಿಮಿಗೆ ಆ ಪುಸ್ತಕದ ಭಯವೇನೂ ಇಲ್ಲ. ಮಂಡ್ಯದ ಬಯಲಿನವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದುದಿಲ್ಲ. ಇರ್ವಿನ್ ನಾಲೆ ಎಂದು ಮೊದಲು ಕರೆಯಿಸಿಕೊಂಡ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಗದ್ದೆಗಳು ಹಬ್ಬಿದಂತೆ ಮಲೇರಿಯಾ ಜ್ವರವೂ ಈ ಪ್ರಾಂತದ ಚಿಂತೆಯಾಯಿತು. ಆಗ ಆರೋಗ್ಯ ಇಲಾಖೆಯ ಕೆಲಸಗಾರರು ಜ್ವರ ಬಂದವನು ಆಸ್ಪತ್ರೆಗೆ ನಡೆದು ಬರಲೆಂದು ಕಾಯುತ್ತ ಕೂರಲಿಲ್ಲ. ಹಳ್ಳಿಗೆ ಹೋಗಿ ಮಕ್ಕಳ ಗುಲ್ಮವನ್ನು ಮುಟ್ಟಿ ನೋಡಿದರು. ಬೆರಳ ತುದಿಯಿಂದ ರಕ್ತದ ಹನಿಯನ್ನು ಗಾಜಿನ ಮೇಲೆ ತೆಗೆದರು. ರೋಗವನ್ನು ಹುಡುಕಿಕೊಂಡು ಹೋಗುವುದೆಂದರೆ ಇದು. ಹಳ್ಳಿಯಲ್ಲಿ ಸಾಧ್ಯವಾದ ಕೆಲಸವು, ಒಂದೇ ಬಾಗಿಲಿರುವ ಸೆರೆಮನೆಯಲ್ಲಿ ಅಸಾಧ್ಯವೆಂದರೆ ನಂಬುವವರಾರು?

ಗಾಳಿಯೇ ವಾಹನ

ಈಗ ಅಂಕಿಗಳನ್ನು ಸ್ವಲ್ಪ ನೋಡೋಣ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರ ಸಂಖ್ಯೆ ಸುಮಾರು 5 ಲಕ್ಷ 73 ಸಾವಿರ ಎಂದು ಕೇಂದ್ರ ಸರಕಾರದ ಅಪರಾಧ ದಾಖಲೆಗಳ ಸಂಸ್ಥೆಯು ಲೆಕ್ಕ ಕೊಟ್ಟಿತು. ನೂರು ಜನರಿಗೆಂದು ಕಟ್ಟಿದ ಸ್ಥಳದಲ್ಲಿ ಸರಾಸರಿ 131 ಜನರಿದ್ದರು. ಅವರೆಲ್ಲರೂ ಅಪರಾಧಿಗಳೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ನಾಲ್ವರಲ್ಲಿ ಮೂವರು, ಎಂದರೆ 4 ಲಕ್ಷ 34 ಸಾವಿರಕ್ಕೂ ಹೆಚ್ಚು ಮಂದಿ, ವಿಚಾರಣೆಯು ಇನ್ನೂ ಮುಗಿಯದವರು. ಕಾನೂನಿನ ಕಣ್ಣಿನಲ್ಲಿ ಅವರು ಇನ್ನೂ ನಿರಪರಾಧಿಗಳು. ನಿರಪರಾಧಿಯೆಂದು ತೀರ್ಪಾಗಿ ಹೊರಗೆ ಬಂದವನು ಕ್ಷಯವನ್ನು ಹೊತ್ತು ಬಂದರೆ, ಆ ತೀರ್ಪಿಗೆ ಏನು ಬೆಲೆ?

ಕ್ಷಯರೋಗವು ಗಾಳಿಯನ್ನೇ ವಾಹನ ಮಾಡಿಕೊಂಡು ಸಂಚರಿಸತಕ್ಕ ವ್ಯಾಧಿ. ರೋಗಿಯು ಕೆಮ್ಮಿದಾಗ ಹೊರಟ ಕಣಗಳು ಗಾಳಿಯಾಡದ ಕೊಠಡಿಯಲ್ಲಿ ಬಹಳ ಹೊತ್ತು ತೇಲುತ್ತಿರುವುವು. ಬಿಸಿಲೂ ಗಾಳಿಯೂ ಕಡಿಮೆ, ಜನರು ಹೆಚ್ಚು, ಸಂಜೆಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಬೆಳಗಿಗೆ: ಕ್ಷಯಕ್ಕೆ ಇದಕ್ಕಿಂತ ಅನುಕೂಲವಾದ ಮನೆಯನ್ನು ಬೇಕೆಂದು ಕಟ್ಟಿಸಿದರೂ ಕಟ್ಟಲಾಗದು. ಹೊರಗಿನ ಜನಸಾಮಾನ್ಯರಲ್ಲಿರುವುದಕ್ಕಿಂತ ಸೆರೆಮನೆಗಳಲ್ಲಿ ಕ್ಷಯವು ಸುಮಾರು ಹತ್ತು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ಅಪೌಷ್ಟಿಕತೆ, ಹೊಗೆಬತ್ತಿ, ಮಾದಕ ವಸ್ತುಗಳ ಚಟ, ಎಚ್‌ಐವಿ ಸೋಂಕು ಇವು ಸೇರಿದಲ್ಲಿ ಉರಿಯುವ ಬೆಂಕಿಗೆ ಗಾಳಿ ಹಾಕಿದಂತಾಗುವುದು. ಇದಲ್ಲದೆ ರಕ್ತದ ಮೂಲಕ ಹರಡುವ ಯಕೃತ್ತಿನ ಬಿ ಮತ್ತು ಸಿ ಕಾಮಾಲೆಗಳುಂಟು; ಒಂದೇ ಕ್ಷೌರದ ಕತ್ತಿ, ಒಂದೇ ಸೂಜಿ, ಹಚ್ಚೆಯ ಮುಳ್ಳು ಅವಕ್ಕೆ ಸಾಕು. ಒಬ್ಬರ ಹಾಸಿಗೆಯಿಂದ ಇನ್ನೊಬ್ಬರಿಗೆ ಹತ್ತುವ ಕಜ್ಜಿ, ಹುಳುಕಡ್ಡಿಗಳ ಮಾತು ಬೇರೆ.

ಇಷ್ಟನ್ನು ಕೇಳಿ ಕೈಚೆಲ್ಲಬೇಕಾದುದಿಲ್ಲ. ಶೋಧನೆಯ ಕ್ರಮವು ಸರಳವಾದುದು. ಎರಡು ವಾರಗಳಿಂದ ಕೆಮ್ಮುಂಟೇ, ಜ್ವರವುಂಟೇ, ತೂಕ ಇಳಿದಿದೆಯೇ, ರಾತ್ರಿ ಬೆವರುವುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು. ಲಕ್ಷಣವಿಲ್ಲದೆ ರೋಗವಿರುವುದೂ ಉಂಟಾದುದರಿಂದ ಎದೆಯ ಕ್ಷಕಿರಣ ಚಿತ್ರವನ್ನು ತೆಗೆಯಬೇಕು. ಕೈಯಲ್ಲಿ ಹಿಡಿದೊಯ್ಯುವಷ್ಟು ಚಿಕ್ಕ ಯಂತ್ರಗಳು ಈಗ ಬಂದಿವೆ. ಸಂದೇಹವಿದ್ದವನ ಕಫವನ್ನು ಪರೀಕ್ಷಿಸಿದರೆ ರೋಗವುಂಟೇ ಎಂಬುದೂ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಬಗ್ಗುವುದೇ ಎಂಬುದೂ ಕೆಲವು ಗಂಟೆಗಳಲ್ಲಿ ತಿಳಿಯುವುದು. ಹಾಗೆ ತಿಳಿಸುವ ಯಂತ್ರಗಳಲ್ಲಿ ಒಂದಾದ ಟ್ರೂನ್ಯಾಟ್ ನಮ್ಮ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ರೂಪುಗೊಂಡುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯನ್ನು ಅದು ಪಡೆಯಿತು. ಕ್ಷಯಚಿಕಿತ್ಸೆಯ ವಿಷಯದಲ್ಲಿ ಕನ್ನಡನಾಡು ಹಿಂದೆ ಬಿದ್ದ ನಾಡಲ್ಲ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಚಿಕಿತ್ಸಾಲಯವು ಒಂದು ಶತಮಾನದ ಹಿಂದೆಯೇ ಸ್ಥಾಪಿತವಾಯಿತು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಬೆಂಗಳೂರಿನಲ್ಲಿಯೇ ನೆಲೆಗೊಂಡಿತು.

ಚಿಕಿತ್ಸೆಯೂ ಹಾಗೆಯೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆಗಳು ಸಾಕು. ಮದ್ದು ಹಿಡಿದ ಕೆಲವೇ ವಾರಗಳಲ್ಲಿ ಅಂಟುವ ಗುಣವು ಬಹಳ ಮಟ್ಟಿಗೆ ಅಡಗುವುದು. ಸಿ ಕಾಮಾಲೆಯು ಹನ್ನೆರಡು ವಾರಗಳ ಮಾತ್ರೆಯಿಂದ ಬಹುತೇಕ ರೋಗಿಗಳಲ್ಲಿ ಸಂಪೂರ್ಣ ಗುಣವಾಗುವುದು; 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ಉಚಿತವಾಗಿ ಕೊಡುವ ಏರ್ಪಾಡಾಯಿತು. ಬಿ ಕಾಮಾಲೆಗೆ ಲಸಿಕೆಯುಂಟು. ಎಚ್‌ಐವಿಯನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲವಾದರೂ, ದಿನವೂ ಔಷಧ ತೆಗೆದುಕೊಳ್ಳುವವನು ದೀರ್ಘಕಾಲ ಬಾಳಬಲ್ಲನು. ಒಟ್ಟಿನಲ್ಲಿ ಮದ್ದಿಲ್ಲದೆ ಸಾಯಬೇಕಾದ ಕಾಲವು ಕಳೆಯಿತು. ಹುಡುಕದೆ ಸಾಯಬೇಕಾದ ಕಾಲವು ಮಾತ್ರ ಉಳಿದಿದೆ.

ಬಲಾತ್ಕಾರವು ಮದ್ದಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾಗದು. ಕೈದಿಯು ನಮ್ಮ ಕೈವಶನಾಗಿರುವನೆಂದ ಮಾತ್ರಕ್ಕೆ ಅವನ ಮೈಯನ್ನು ನಮ್ಮಿಷ್ಟದಂತೆ ಬಳಸುವ ಹಕ್ಕು ಯಾರಿಗೂ ಬರುವುದಿಲ್ಲ. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗು ಹಬ್ಬಿದ್ದಾಗ ಹಾಫ್ಕಿನ್ ಎಂಬ ವಿಜ್ಞಾನಿಯು ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ತರುವಾಯ ಭಾಯಖಳಾದ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಳ್ಳಲು, ತಾವಾಗಿ ಮುಂದೆ ಬಂದ ಕೈದಿಗಳಿಗೆ ಅದನ್ನು ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ರೋಗವು ಕಡಿಮೆಯಾದುದು ಕಂಡುಬಂದಿತು. ನಾಡಿನ ಲಕ್ಷಾಂತರ ಜನರಿಗೆ ಆ ಲಸಿಕೆಯ ಮೇಲೆ ನಂಬಿಕೆ ಹುಟ್ಟಿಸಿದವರಲ್ಲಿ ಹೆಸರಿಲ್ಲದ ಆ ಕೈದಿಗಳೂ ಸೇರಿದ್ದಾರೆ. ಆದರೆ ಬೀಗದೊಳಗಿನ ಮನುಷ್ಯನು ‘ಆಗಲಿ’ ಎಂದಾಗ ಅದು ಎಷ್ಟರ ಮಟ್ಟಿಗೆ ಅವನ ಸ್ವಂತ ಮಾತೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ನಾಗರಿಕ ಸಮಾಜದ ಧರ್ಮ.

ಈ ಧರ್ಮವನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಶಾಸನವು ಅಕ್ಷರರೂಪಕ್ಕೆ ತಂದಿದೆ. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಸಲ್ಲದು. ಫಲಿತಾಂಶವನ್ನು ಕಂಡಕಂಡವರಿಗೆ ಹೇಳುವಂತಿಲ್ಲ. ರೋಗದ ಕಾರಣದಿಂದ ಭೇದಭಾವ ಮಾಡಲಾಗದು. ಇದು ಕೆಲಸಕ್ಕೆ ಅಡ್ಡಿಯೆಂದು ತಿಳಿಯುವವರು ಒಂದನ್ನು ಯೋಚಿಸಬೇಕು. ಪರೀಕ್ಷೆಯಲ್ಲಿ ರೋಗ ಕಂಡವನನ್ನು ಒಂಟಿ ಕೋಣೆಗೆ ದೂಡಿ, ಅಡುಗೆಯ ಕೆಲಸದಿಂದ ಬಿಡಿಸಿ, ಎಲ್ಲರೆದುರಿಗೆ ಅವನ ರೋಗದ ಹೆಸರು ಹಿಡಿದು ಕೂಗಿದರೆ, ಮರುದಿನ ಕೆಮ್ಮು ಬಂದವನು ಬಾಯಿಗೆ ಬಟ್ಟೆಯನ್ನು ತುರುಕಿಕೊಂಡಾದರೂ ಅದನ್ನು ಅಡಗಿಸುವನು. ಗೌರವವಿದ್ದಲ್ಲಿ ರೋಗವು ತಾನಾಗಿ ಹೊರಬೀಳುವುದು, ಭಯವಿದ್ದಲ್ಲಿ ಒಳಸೇರುವುದು. ಕ್ಷಯರೋಗಿಯನ್ನು ಕೆಲವು ವಾರ ಬೇರೆ ಇರಿಸುವುದು ಚಿಕಿತ್ಸೆಯ ಅಂಗವಾಗಿರಬೇಕೇ ಹೊರತು ದಂಡನೆಯಾಗಬಾರದು.

‘ಕಳ್ಳಕಾಕರಿಗೆ ಇಷ್ಟೆಲ್ಲ ಉಪಚಾರವೇಕೆ? ಹೊರಗಿನ ಬಡವನಿಗೇ ಆಸ್ಪತ್ರೆಯಲ್ಲಿ ಜಾಗವಿಲ್ಲವಲ್ಲ’ ಎಂದು ಕೆಲವರು ಕೇಳಬಹುದು. ಹೊರಗಿನ ಬಡವನ ಕಷ್ಟವು ನಿಜವಾದುದೇ. ಅದಕ್ಕೆ ಪರಿಹಾರವು ಅವನ ಚಿಕಿತ್ಸೆಯನ್ನು ಹೆಚ್ಚಿಸುವುದೇ ಹೊರತು ಇನ್ನೊಬ್ಬ ಬಡವನ ಚಿಕಿತ್ಸೆಯನ್ನು ನಿಲ್ಲಿಸುವುದಲ್ಲ. ಮೇಲಾಗಿ ಹೊರಗಿನವನು ಒಂದು ಆಸ್ಪತ್ರೆಯಲ್ಲಿ ಆಗದಿದ್ದರೆ ಇನ್ನೊಂದಕ್ಕೆ ಹೋದಾನು, ನಾಲ್ಕು ಜನರನ್ನು ಕೇಳಿಯಾನು. ಸೆರೆಯಲ್ಲಿರುವವನಿಗೆ ಬೀಗದ ಕೈ ಹಿಡಿದವರ ಹೊರತು ಗತಿಯಿಲ್ಲ. ಬೀಗ ಹಾಕಿದ ಕೈಯೇ ಔಷಧವನ್ನೂ ನೀಡತಕ್ಕದ್ದು. ಸೆರೆಮನೆಯೆಂದರೆ ದುಷ್ಟರ ಮನೆಯೆಂಬ ಭಾವನೆಯಂತೂ ಈ ಸೀಮೆಯವರಿಗೆ ಒಪ್ಪುವುದಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನೇರಿಸಲು ನಿಂತ ಮುಖಂಡರು ಸೆರೆ ಸೇರಿದುದನ್ನು ಇಲ್ಲಿಯವರು ಇಂದಿಗೂ ಹೆಮ್ಮೆಯಿಂದ ಸ್ಮರಿಸುತ್ತಾರೆ. ಯಾರ ಮನೆಯ ಮಗನು ಯಾವ ಕಾಲಕ್ಕೆ ಆ ಬಾಗಿಲನ್ನು ಕಾಣುವನೆಂದು ಯಾರು ಬಲ್ಲರು?

ಬಿಡುಗಡೆಯ ದಿನದ ಅಪಾಯ

ಒಳಗೆ ಬರುವ ದಿನದಷ್ಟೇ ಮುಖ್ಯವಾದುದು ಹೊರಗೆ ಹೋಗುವ ದಿನ. ಇದನ್ನು ಮರೆತಲ್ಲಿ ಮಿಕ್ಕ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಪಾಂಡವಪುರದ ನ್ಯಾಯಸ್ಥಾನದಿಂದ ಒಬ್ಬ ಕಬ್ಬಿನಗದ್ದೆಯ ಕೂಲಿಯವನು ಮಂಡ್ಯದ ಸೆರೆಮನೆಗೆ ಹೋದನೆಂದು ಊಹಿಸೋಣ. ಒಳಗೆ ಕ್ಷಯವು ಪತ್ತೆಯಾಗಿ ಮದ್ದು ಆರಂಭವಾಯಿತು. ಮೂರನೆಯ ತಿಂಗಳಿನಲ್ಲಿ ಜಾಮೀನು ಸಿಕ್ಕಿತು. ಸಂಜೆ ಬಿಡುಗಡೆಯ ಹುಕುಂ ಬಂದಿತು. ರಾತ್ರಿಯ ಬಸ್ಸನ್ನು ಹಿಡಿದು ಊರಿಗೆ ಹೋದನು. ಕೈಯಲ್ಲಿ ಮಾತ್ರೆಯಿಲ್ಲ, ಚೀಟಿಯಿಲ್ಲ. ಕೆಮ್ಮು ನಿಂತಿರುವುದರಿಂದ ರೋಗವೂ ಹೋಯಿತೆಂದು ಅವನು ನಂಬಿದನು. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಕ್ಷಯವು ಮರುಕಳಿಸುವುದಲ್ಲದೆ, ಕೆಲವೊಮ್ಮೆ ಮೊದಲಿನ ಮದ್ದಿಗೆ ಬಗ್ಗದ ಮೊಂಡು ರೋಗವಾಗಿ ತಿರುಗುವುದು. ಅದನ್ನು ಉಸಿರಾಡುವವರು ಅವನ ಹೆಂಡತಿ, ಅವನ ಮಕ್ಕಳು, ಅವನೊಡನೆ ಆಲೆಮನೆಯಲ್ಲಿ ದುಡಿಯುವವರು.

ಇದನ್ನು ತಪ್ಪಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು ಚೀಟಿ, ಒಂದು ತಿಂಗಳ ಮಾತ್ರೆ, ತಾಲ್ಲೂಕು ಆಸ್ಪತ್ರೆಗೆ ಒಂದು ದೂರವಾಣಿ ಕರೆ ಇವಿಷ್ಟು ಸಾಕು. ಕ್ಷಯರೋಗಿಗಳ ಹೆಸರು ದಾಖಲಾಗುವ ನಿಕ್ಷಯ್ ಎಂಬ ದೇಶವ್ಯಾಪಿ ಗಣಕ ಪಟ್ಟಿಯೊಂದಿದೆ. ರೋಗಿಯು ಊರು ಬದಲಿಸಿದಾಗ ಅವನ ದಾಖಲೆಯನ್ನು ಅಲ್ಲಿಗೆ ವರ್ಗಾಯಿಸುವ ಅನುಕೂಲವೂ ಅದರಲ್ಲಿದೆ. ಸೆರೆಮನೆಯ ಇಲಾಖೆಯೂ ಆರೋಗ್ಯ ಇಲಾಖೆಯೂ ಒಬ್ಬರನ್ನೊಬ್ಬರು ಅಪರಿಚಿತರಂತೆ ಕಾಣದಿದ್ದರೆ ಆಯಿತು.

ಆದುದರಿಂದ ನಾವು ಕೇಳುವುದು ಇಷ್ಟು. ಒಳಬರುವ ಪ್ರತಿಯೊಬ್ಬನಿಗೂ, ವಿಚಾರಣಾಧೀನನಿಗೂ ಶಿಕ್ಷಿತನಿಗೂ ಭೇದವಿಲ್ಲದೆ, ಮೊದಲ ದಿನಗಳಲ್ಲಿಯೇ ಕ್ಷಯದ ಶೋಧನೆಯಾಗಲಿ. ಎಚ್‌ಐವಿ ಮತ್ತು ಕಾಮಾಲೆಗಳ ಪರೀಕ್ಷೆಯನ್ನು ತಿಳಿಯಹೇಳಿ, ಒಪ್ಪಿಗೆ ಪಡೆದು ಮಾಡಲಿ. ಒಳಗಿರುವವರನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷಿಸಲಿ. ರೋಗಿಯ ಜೊತೆಗೆ ಮಲಗಿದವರಿಗೆ ರೋಗ ಬಾರದಂತೆ ತಡೆಯುವ ಮದ್ದನ್ನು ಕೊಡಲಿ. ಪಹರೆಯವರನ್ನೂ ಅಡುಗೆಯವರನ್ನೂ ಈ ಶೋಧನೆಯಿಂದ ಹೊರಗಿಡದಿರಲಿ. ಅವರೂ ಅದೇ ಗಾಳಿಯನ್ನು ಉಸಿರಾಡುವವರಷ್ಟೆ. ಬಿಡುಗಡೆಯ ಕಾಗದದ ಜೊತೆಯಲ್ಲಿಯೇ ಚಿಕಿತ್ಸೆಯ ಕಾಗದವೂ ಕೈಸೇರಲಿ.

ಇವೆಲ್ಲಕ್ಕೂ ಮಿಗಿಲಾದ ಔಷಧವು ಇಕ್ಕಟ್ಟನ್ನು ಕಡಿಮೆ ಮಾಡುವುದು. 2020ರ ಮಾರ್ಚಿನಲ್ಲಿ ಕೊರೋನಾ ಮಾರಿಯು ಬಾಗಿಲಿಗೆ ಬಂದಾಗ, ಯಾವ ಕೈದಿಗಳನ್ನು ತಾತ್ಕಾಲಿಕವಾಗಿ ಬಿಡಬಹುದೆಂದು ನಿರ್ಧರಿಸಲು ರಾಜ್ಯ ರಾಜ್ಯಗಳಲ್ಲಿ ಉನ್ನತ ಸಮಿತಿಗಳನ್ನು ರಚಿಸುವಂತೆ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. ತುಂಬಿದ ಕೊಠಡಿಯಲ್ಲಿ ರೋಗವನ್ನು ತಡೆಯಲಾಗದೆಂಬುದನ್ನು ದೇಶದ ಅತ್ಯುನ್ನತ ನ್ಯಾಯಪೀಠವೇ ಒಪ್ಪಿಕೊಂಡಂತಾಯಿತು. ಕೊರೋನಾ ವಿಷಯದಲ್ಲಿ ನಿಜವಾದುದು ಕ್ಷಯದ ವಿಷಯದಲ್ಲಿ ಸುಳ್ಳಾಗುವುದೇ? ಮೊದಲ ಬಾರಿಗೆ ಆರೋಪಕ್ಕೊಳಗಾದವನು, ಮರಣದಂಡನೆ ಇಲ್ಲವೇ ಜೀವಾವಧಿಯ ಅಪರಾಧಗಳ ಹೊರತು ಮಿಕ್ಕವುಗಳಲ್ಲಿ, ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗದಷ್ಟು ಕಾಲ ಒಳಗಿದ್ದರೆ ಅವನನ್ನು ಜಾಮೀನಿನ ಮೇಲೆ ಬಿಡಬೇಕೆಂದು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣವು ಸಾಮಾನ್ಯವಾಗಿ ವಿಧಿಸುತ್ತದೆ. ಬೇರೆ ಮೊಕದ್ದಮೆಗಳು ಬಾಕಿಯಿಲ್ಲದ ಇಂಥವರನ್ನು ಕಾಲಕ್ಕೆ ಸರಿಯಾಗಿ ಗುರುತಿಸಿ ಬಿಡುವುದು ನ್ಯಾಯದ ಕೆಲಸವೂ ಹೌದು, ಆರೋಗ್ಯದ ಕೆಲಸವೂ ಹೌದು.

ಶ್ರೀರಂಗಪಟ್ಟಣದ ನೆಲಮಾಳಿಗೆಯನ್ನು ನೋಡಿದವರು ಅಂದಿನ ಕಾಲವು ಕ್ರೂರವಾಗಿದ್ದಿತೆಂದು ನಿಟ್ಟುಸಿರು ಬಿಡುವುದುಂಟು. ಅಂದಿನವರಿಗೆ ಕ್ಷಯದ ಕ್ರಿಮಿಯು ಗೊತ್ತಿರಲಿಲ್ಲ, ಮಲೇರಿಯಾ ಸೊಳ್ಳೆಯ ಗುಟ್ಟು ಗೊತ್ತಿರಲಿಲ್ಲ, ಮದ್ದಿನ ಮಾತ್ರೆಗಳಿರಲಿಲ್ಲ. ನಮಗೆ ಎಲ್ಲವೂ ಗೊತ್ತಿದೆ, ಎಲ್ಲವೂ ಕೈಯಲ್ಲಿದೆ. ಬಲ್ಲವನು ಮಾಡದೆ ಬಿಟ್ಟ ಕರ್ತವ್ಯಕ್ಕೆ, ಅರಿಯದವನ ಕ್ರೌರ್ಯಕ್ಕಿಂತ ಹೆಚ್ಚಿನ ಲೆಕ್ಕವನ್ನು ಮುಂದಿನವರು ಕೇಳುವರು. ಆ ಲೆಕ್ಕವನ್ನು ಒಪ್ಪಿಸಲು ಅಧಿಕಾರದಲ್ಲಿರುವವರೂ ಅವರನ್ನು ಆರಿಸಿ ಕಳುಹಿಸಿದ ಮಹಾಜನರೂ ಈಗಿನಿಂದಲೇ ಸಿದ್ಧರಾಗುವುದು ಲೇಸು.